ಭ್ರಾಂತಿರೂಪಿಣಿಗೂ ನಮಸ್ಕಾರ



ಶರನ್ನವರಾತ್ರಿಯ ಈ ಪರ್ವಕಾಲದಲ್ಲಿ ನಮ್ಮ ಮಹಾನಗರಿಯ ಅನೇಕ ಕನ್ನಡ ಮನೆಗಳಲ್ಲಿ ದೇವೀಮಾಹಾತ್ಮ್ಯದ ಪಾರಾಯಣ ನಡೆಯುತ್ತದೆ. ಮಾಟುಂಗಾದ ಹಳೆಯ ಕಟ್ಟಡಗಳಲ್ಲಿ ಪುರೋಹಿತರ ಮುಖೇನ ವಿಧಿವತ್ತಾಗಿ. ಡೊಂಬಿವಲಿ, ಮೀರಾರೋಡುಗಳ ಚಿಕ್ಕ ಫ್ಲಾಟುಗಳಲ್ಲಿ ಅಡಿಗೆಯ ನಡುವೆ ಬಿಡುವು ಮಾಡಿಕೊಂಡ ಗೃಹಿಣಿಯೊಬ್ಬಳ ಬಾಯಿಂದ. ಆ ಗ್ರಂಥದ ಐದನೆಯ ಅಧ್ಯಾಯದಲ್ಲಿ, ಶುಂಭ ನಿಶುಂಭರಿಂದ ಅಧಿಕಾರವನ್ನು ಕಳೆದುಕೊಂಡ ದೇವತೆಗಳು ಹಿಮವತ್ಪರ್ವತಕ್ಕೆ ಹೋಗಿ ಮಾಡಿದ ಸ್ತುತಿಯೊಂದಿದೆ. ಸಮಸ್ತ ಜೀವಿಗಳಲ್ಲಿ ತಾಯಿ ಯಾವ ಯಾವ ರೂಪದಿಂದ ನೆಲೆಸಿದ್ದಾಳೆಂದು ಒಂದೊಂದಾಗಿ ಹೇಳಿ, ಪ್ರತಿಯೊಂದಕ್ಕೂ ಮರಳಿ ಮರಳಿ ನಮಸ್ಕರಿಸುವ ಆ ಸ್ತುತಿಯನ್ನು ಕಂಠಪಾಠವಾಗಿ ಬಲ್ಲವರು ನಿಮ್ಮಲ್ಲಿ ಬಹುಮಂದಿ ಇದ್ದೀರಿ. ಬುದ್ಧಿಯಾಗಿ, ನಿದ್ರೆಯಾಗಿ, ಹಸಿವೆಯಾಗಿ, ಶಕ್ತಿಯಾಗಿ, ನಾಚಿಕೆಯಾಗಿ, ಶ್ರದ್ಧೆಯಾಗಿ, ಸ್ಮೃತಿಯಾಗಿ, ದಯೆಯಾಗಿ ಆಕೆ ಇದ್ದಾಳೆ. ಸ್ತುತಿ ಮುಗಿಯುತ್ತ ಬಂದಾಗ ಮಾತೃರೂಪದ ವಂದನೆ ಬರುತ್ತದೆ. ಅದರ ಬೆನ್ನಿಗೇ ಬರುವುದು ಯಾವುದು? ಭ್ರಾಂತಿ! ತಪ್ಪಾಗಿ ಕಾಣುವಿಕೆ, ಒಂದನ್ನು ಇನ್ನೊಂದೆಂದು ತಿಳಿಯುವಿಕೆ. ಅದೂ ದೇವಿಯೇ, ಅದಕ್ಕೂ ಅಷ್ಟೇ ನಮಸ್ಕಾರ.

ಪಾರಾಯಣದ ಓಟದಲ್ಲಿ ಈ ಕ್ರಮ ನಮ್ಮ ಗಮನಕ್ಕೆ ಬರುವುದಿಲ್ಲ. ಬುದ್ಧಿಗೆ ನಮಸ್ಕರಿಸುವಾಗ ನಾಲಿಗೆಯೊಡನೆ ಮನಸ್ಸೂ ಬಾಗುತ್ತದೆ. ಭ್ರಾಂತಿಯ ಸರದಿ ಬಂದಾಗ ನಾಲಿಗೆ ಮಾತ್ರ ಬಾಗುತ್ತದೆ. ನಮ್ಮ ಮನೆಯ ಮಕ್ಕಳ ವಿಷಯದಲ್ಲಿ ನಾವು ನಡೆದುಕೊಳ್ಳುವ ರೀತಿಯೂ ಇದೇ ಆಗಿದೆಯೆಂಬುದನ್ನು ನಿವೇದಿಸಲು ಈ ಲೇಖನ.

ಮೂಲಾನಕ್ಷತ್ರದಂದು ಸರಸ್ವತಿಯನ್ನು ಆವಾಹಿಸಿ ಪುಸ್ತಕಗಳನ್ನು ಪೀಠದ ಮೇಲಿಡುತ್ತೇವೆ. ವಿಸರ್ಜನೆಯಾಗುವವರೆಗೆ ಓದುಬರಹವಿಲ್ಲ. ಎಲ್ಲ ಮಕ್ಕಳಿಗೂ ಇದು ಹರ್ಷದ ಸಮಯ. ಆದರೆ ಅಂಥ ಮಕ್ಕಳ ನಡುವೆ ಒಬ್ಬನಿಗೆ ಅಥವಾ ಒಬ್ಬಳಿಗೆ, ವರ್ಷದಲ್ಲಿ ಬೈಗಳಿಲ್ಲದೆ ಊಟ ಮಾಡುವ ದಿನಗಳೆಂದರೆ ಇವೇ. ಬುದ್ಧಿ ಚುರುಕಾಗಿದೆ, ಮಾತಿನಲ್ಲಿ ಹಿರಿಯರನ್ನೂ ಸೋಲಿಸುವ ಮಗು, ಚರ್ಚ್‌ಗೇಟಿನಿಂದ ವಿರಾರದವರೆಗಿನ ನಿಲ್ದಾಣಗಳನ್ನು ಒಂದೂ ತಪ್ಪದೆ ಹೇಳಬಲ್ಲದು. ಆದರೆ ನಾಲ್ಕನೆಯ ಇಯತ್ತೆಗೆ ಬಂದರೂ ಪುಟವೊಂದನ್ನು ಓದಲು ಬೆವರುತ್ತದೆ. ಇಂಗ್ಲಿಷಿನ ಬಿ ಡಿಯಾಗುತ್ತದೆ. ದೇವನಾಗರಿಯ ಘ ಮತ್ತು ಧ, ಭ ಮತ್ತು ಮ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಕನ್ನಡದ ಒತ್ತಕ್ಷರವಂತೂ ದಾಟಲಾಗದ ಹೊಳೆ. ‘ಸೋಮಾರಿ’, ‘ಮೊಂಡ’, ‘ಗಮನವಿಲ್ಲ’ ಎಂಬ ಮೂರು ಬಿರುದುಗಳನ್ನು ಶಾಲೆ ಕೊಡುತ್ತದೆ. ನಾಲ್ಕನೆಯದನ್ನು ಮನೆಯವರೇ ದಯಪಾಲಿಸುತ್ತಾರೆ.

ಪಂಡಿತರು ಇದನ್ನು ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿಗೆ ಸಂಬಂಧಿಸಿದ್ದು ಡಿಸ್ಲೆಕ್ಸಿಯಾ, ಬರವಣಿಗೆಗೆ ಡಿಸ್ಗ್ರಾಫಿಯಾ, ಲೆಕ್ಕಕ್ಕೆ ಡಿಸ್ಕ್ಯಾಲ್ಕ್ಯುಲಿಯಾ. ಇದು ಕಣ್ಣಿನ ದೋಷದಿಂದ ಬಂದುದಲ್ಲ, ಬುದ್ಧಿ ಕಡಿಮೆಯಾಗಿ ಬಂದುದೂ ಅಲ್ಲ. ಕಿವಿ ಕೇಳಿದ ಧ್ವನಿಗೂ ಕಾಗದದ ಮೇಲಿನ ಗುರುತಿಗೂ ಗಂಟು ಹಾಕುವ ಕೆಲಸ ಮಿದುಳಿನಲ್ಲಿ ನಡೆಯಬೇಕಷ್ಟೆ. ಆ ಗಂಟು ಇವರಲ್ಲಿ ಬೇಗನೆ ಬೀಳುವುದಿಲ್ಲ. ಅನೇಕ ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುವುದೂ ಉಂಟು. ಶಾಲಾ ವಯಸ್ಸಿನ 100 ಮಕ್ಕಳಲ್ಲಿ 5ರಿಂದ 15 ಮಂದಿಗೆ ಯಾವುದಾದರೊಂದು ಬಗೆಯಲ್ಲಿ ಇದಿರಬಹುದೆಂದು ಮನೋವೈದ್ಯರು ಅಂಗೀಕರಿಸಿದ ಗ್ರಂಥ ಹೇಳುತ್ತದೆ. ನಮ್ಮ ದಸರಾ ಕಾರ್ಯಕ್ರಮಕ್ಕೆ 200 ಮಕ್ಕಳು ಬಂದರೆ ಅವರಲ್ಲಿ ಎಷ್ಟು ಮಂದಿ ಇಂಥವರೆಂದು ನೀವೇ ಎಣಿಸಿರಿ.

ಮುಂಬಯಿಯ ಕನ್ನಡಿಗರ ಮಗುವಿಗೆ ಈ ಹೊರೆ ಇನ್ನಷ್ಟು ಭಾರ. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಶಾಲೆಯಲ್ಲಿ ಇಂಗ್ಲಿಷು, ಸೊಸೈಟಿಯ ಅಂಗಳದಲ್ಲಿ ಹಿಂದಿ, 2020ರ ಕಾಯಿದೆಯ ಬಳಿಕ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇದರ ಪರಿಣಾಮವಾಗಿ ತೊಡಕು ಬಹುಕಾಲ ಮರೆಯಾಗಿಯೇ ಇರುತ್ತದೆ. ‘ಭಾಷೆ ಹೆಚ್ಚಾಯಿತು, ದೊಡ್ಡವನಾದಂತೆ ಸರಿಹೋಗುತ್ತಾನೆ’ ಎಂದು ಮೂರು ವರ್ಷ ಕಳೆದುಬಿಡುತ್ತೇವೆ. ಮತ್ತೆ ಕೆಲವರು, ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿಬಿಡಿ ಎಂದು ಉಪದೇಶಿಸುತ್ತಾರೆ. ಎರಡು ಭಾಷೆ ಆಡುವುದರಿಂದ ಈ ತೊಡಕು ಹುಟ್ಟುವುದಿಲ್ಲವೆಂಬುದು ತಜ್ಞರ ಅಭಿಪ್ರಾಯ. ಮಗುವಿಗೆ ಲಿಪಿಯ ಹೊರೆಯನ್ನು ಕಡಮೆ ಮಾಡೋಣ. ಅಜ್ಜಿಯ ಬಾಯಿಂದ ಬರುವ ಕಥೆಯನ್ನು ಕಸಿದುಕೊಳ್ಳುವುದೇಕೆ? ಪುಟ ತಿರುವಿ ಓದಲು ಬಾರದ ಯಕ್ಷಗಾನ ಕಲಾವಿದರು ಇಡೀ ಪ್ರಸಂಗಗಳನ್ನು ಕಿವಿಯಿಂದಲೇ ಕಲಿತು ರಾತ್ರಿಯಿಡೀ ಅರ್ಥ ಹೇಳುತ್ತಿದ್ದ ನಾಡಿನವರು ನಾವು.

ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿ ನಡೆದುದೆಂದು ಸಂಪ್ರದಾಯ ಹೇಳುವ ಒಂದು ಕಥೆ ಎಲ್ಲರಿಗೂ ತಿಳಿದಿದೆ. ಶಂಕರ ಭಗವತ್ಪಾದರಿಗೆ ಗಿರಿಯೆಂಬ ಶಿಷ್ಯ. ಪಾಠದಲ್ಲಿ ಹಿಂದೆ, ಗುರುಸೇವೆಯಲ್ಲಿ ಮುಂದೆ. ಒಂದು ದಿನ ಆತ ಗುರುಗಳ ವಸ್ತ್ರವನ್ನು ಒಗೆಯಲು ಹೊಳೆಗೆ ಹೋಗಿದ್ದಾನೆ. ಇತ್ತ ಶಿಷ್ಯರೆಲ್ಲ ಶಾಂತಿಪಾಠ ಹೇಳಲು ಸಿದ್ಧರಾಗಿ ಕುಳಿತಿದ್ದಾರೆ. ಗುರುಗಳು ಆರಂಭಿಸುವುದಿಲ್ಲ. ಗಿರಿ ಬರಲಿ ಎನ್ನುತ್ತಾರೆ. ಪದ್ಮಪಾದರು ಗೋಡೆಯ ಕಡೆಗೆ ನೋಡುತ್ತಾರೆ; ಅವನಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಎಂಬ ಭಾವ. ಮುಂದಿನ ಕಥೆ ಪ್ರಸಿದ್ಧ. ಗುರುಕಟಾಕ್ಷದಿಂದ ಗಿರಿ ತೋಟಕವೃತ್ತದಲ್ಲಿ ಸ್ತುತಿಸುತ್ತ ಬಂದನು, ತೋಟಕಾಚಾರ್ಯನಾದನು.

ಪ್ರವಚನಕಾರರೆಲ್ಲರೂ ಆ ಪವಾಡವನ್ನೇ ವರ್ಣಿಸುತ್ತಾರೆ. ನನಗೆ ಅದಕ್ಕಿಂತ ಮುಂಚಿನ ಆ ಕೆಲವು ನಿಮಿಷಗಳು ದೊಡ್ಡವಾಗಿ ಕಾಣುತ್ತವೆ. ಬುದ್ಧಿವಂತರೆಲ್ಲ ಸಿದ್ಧರಾಗಿ ಕುಳಿತಿದ್ದರೂ ಜಗದ್ಗುರುಗಳು ಕಾದರು. ಹಿಂದುಳಿದವನು ಬರುವ ತನಕ ಪಾಠ ಆರಂಭವಾಗಲಿಲ್ಲ. ಕವಿತೆ ಅವನ ಬಾಯಿಂದ ಹೊರಡದೆ ಹೋಗಿದ್ದರೂ ಗುರುಗಳು ಮರುದಿನವೂ ಕಾಯುತ್ತಿದ್ದರೆಂದೇ ನಾನು ನಂಬುತ್ತೇನೆ. ಈ ಭೇದವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂಥ ಮಗುವುಳ್ಳ ತಂದೆತಾಯಂದಿರಿಗೆ ಸಮಾಧಾನ ಹೇಳಹೋದವರು, ‘ನೋಡಿ, ಐನ್‌ಸ್ಟೈನರೂ ಹೀಗೆಯೇ ಇದ್ದರಂತೆ, ನಿಮ್ಮ ಮಗನೂ ಏನೋ ಆಗುತ್ತಾನೆ’ ಎನ್ನುವುದುಂಟು. 2007ರಲ್ಲಿ ಬಂದ ‘ತಾರೇ ಜಮೀನ್ ಪರ್’ ಹಿಂದೀ ಚಿತ್ರದಿಂದ ಡಿಸ್ಲೆಕ್ಸಿಯಾ ಎಂಬ ಶಬ್ದ ಮನೆಮನೆಗೆ ತಲುಪಿತು, ಅದು ದೊಡ್ಡ ಉಪಕಾರ. ಆದರೆ ಆ ಚಿತ್ರದ ಬಾಲಕ ಕೊನೆಗೆ ಚಿತ್ರಕಲೆಯಲ್ಲಿ ಬಹುಮಾನ ಗೆಲ್ಲುತ್ತಾನೆ. ಬಹುಮಾನ ಗೆಲ್ಲದ ಮಗುವಿಗೆ ಗತಿ ಏನು? ಪ್ರತಿಭೆಯನ್ನು ತೋರಿಸಿಯೇ ಪ್ರೀತಿಯನ್ನು ಸಂಪಾದಿಸಬೇಕೆಂದರೆ ಅದು ಮತ್ತೊಂದು ಪರೀಕ್ಷೆ ತಾನೆ?

ಈಗ ಲೌಕಿಕದ ಮಾತು. ಗುರುಗಳು ಕಾದ ಆ ಕಾಯುವಿಕೆಯನ್ನೇ ಸರಕಾರ ನಿಯಮವನ್ನಾಗಿ ಮಾಡಿದೆಯೆಂದರೆ ನಿಮಗೆ ಆಶ್ಚರ್ಯವಾದೀತು. ಮಹಾರಾಷ್ಟ್ರದಲ್ಲಿ 1990ರ ದಶಕದಿಂದಲೇ, ಕಲಿಕಾ ನ್ಯೂನತೆಯ ಪ್ರಮಾಣಪತ್ರವುಳ್ಳ ವಿದ್ಯಾರ್ಥಿಗೆ ಎಸ್.ಎಸ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ದೊರೆಯುತ್ತದೆ. ಅವಶ್ಯವಿದ್ದರೆ ಬರೆದುಕೊಡುವ ಸಹಾಯಕ, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವಿಕೆ, ಒಂದು ಭಾಷೆಯ ಬದಲಿಗೆ ಕೈಕೆಲಸದ ವಿಷಯ, ಇವೂ ಉಂಟು. 1996ರಲ್ಲಿ ಇದೇ ಮುಂಬಯಿಯಲ್ಲಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಶನ್ ಹುಟ್ಟಿತು. ಅಂಗವೈಕಲ್ಯದ ಬಗ್ಗೆ 1995ರಲ್ಲಿ ಆದ ಕೇಂದ್ರದ ಕಾಯಿದೆಯಲ್ಲಿ ಏಳೇ ವರ್ಗಗಳಿದ್ದುವು, ಕಲಿಕಾ ನ್ಯೂನತೆಗೆ ಅಲ್ಲಿ ಸ್ಥಳವಿರಲಿಲ್ಲ. 2016ರ ಹೊಸ ಕಾಯಿದೆಯಲ್ಲಿ ವರ್ಗಗಳು 21 ಆದುವು, ಕಲಿಕಾ ನ್ಯೂನತೆಯೂ ಆಟಿಸಮ್ಮೂ ಸೇರಿಕೊಂಡುವು. ಇದಕ್ಕೆಲ್ಲ ಬಹಳ ಮೊದಲು, 1944ರಲ್ಲಿಯೇ, ಪಾರಸೀ ದಂಪತಿಗಳು ತಮ್ಮ ಮಗಳ ನಿಮಿತ್ತ ಆರಂಭಿಸಿದ ಜೈ ವಕೀಲ್ ಶಾಲೆ ಬೌದ್ಧಿಕ ಅಸಾಮರ್ಥ್ಯವುಳ್ಳ ಮಕ್ಕಳಿಗಾಗಿ ಶಿವಡಿಯಲ್ಲಿ ಇಂದಿಗೂ ನಡೆಯುತ್ತಿದೆ. ಒಂದು ಮನೆಯ ದುಃಖವನ್ನು ಮುಚ್ಚಿಡದೆ ಅಂಗಳಕ್ಕೆ ತಂದುದರ ಫಲವದು.

ಆದರೆ ಪ್ರಮಾಣಪತ್ರವೆಂಬ ಶಬ್ದ ಕೇಳಿದೊಡನೆ ನಮ್ಮವರು ಬೆಚ್ಚುತ್ತಾರೆ. ‘ಕಾಗದದ ಮೇಲೆ ಬಂದರೆ ನಾಳೆ ಮದುವೆಗೆ ತೊಂದರೆ’, ‘ತಂಗಿಯ ಸಂಬಂಧಕ್ಕೂ ಅಡ್ಡಿ’, ‘ಊರಿನಲ್ಲಿ ಗೊತ್ತಾದರೆ?’ ಈ ಭೀತಿಯ ಮೂಲದಲ್ಲಿರುವುದು ಹೆಚ್ಚಾಗಿ ತಂದೆಯ ಅಭಿಮಾನ. ಮಹಾಭಾರತದ ವನಪರ್ವದಲ್ಲಿ ಕಹೋಡನೆಂಬ ಬ್ರಾಹ್ಮಣನ ಕಥೆ ಬರುತ್ತದೆ. ರಾತ್ರಿಯೆಲ್ಲ ವೇದಪಾಠ ಮಾಡುತ್ತಿದ್ದ ಅವನ ಉಚ್ಚಾರದ ತಪ್ಪನ್ನು ಗರ್ಭದಲ್ಲಿದ್ದ ಶಿಶು ತಿದ್ದಿತಂತೆ. ಶಿಷ್ಯರ ನಡುವೆ ತನಗೆ ಅವಮಾನವಾಯಿತೆಂದು ತಂದೆ ಶಪಿಸಿದನು. ಮಗು ಎಂಟು ಕಡೆ ವಕ್ರವಾಗಿ ಹುಟ್ಟಿತು. ಅವನೇ ಅಷ್ಟಾವಕ್ರ. ಮಗುವಿನ ಸೊಟ್ಟತನಕ್ಕೆ ವ್ಯಾಸರು ಕೊಟ್ಟ ಕಾರಣವನ್ನು ಗಮನಿಸಿದಿರಾ? ನಾಲ್ಕು ಜನರೆದುರು ತಂದೆಗಾದ ನಾಚಿಕೆ! ಮುಂದೆ ಜನಕನ ಸಭೆಯಲ್ಲಿ ವಾದಕ್ಕೆ ನಿಂತು ಸೋತು ಆ ಕಹೋಡನು ನೀರುಪಾಲಾದಾಗ, ಹನ್ನೆರಡರ ಹರೆಯದ ಈ ವಕ್ರದೇಹದ ಬಾಲಕನೇ ಹೋಗಿ ಅವನನ್ನು ಬಿಡಿಸಿ ತಂದನು. ಆ ಮೇಲೆ ತಂದೆ ಮಗನನ್ನು ಸಮಂಗಾ ನದಿಯಲ್ಲಿ ಮೀಯಲು ಹೇಳಿದನು, ಅಂಗಗಳು ನೆಟ್ಟಗಾದುವು. ಶಪಿಸಿದ ಬಾಯಿಯೇ ನೀರನ್ನು ತೋರಿಸಿತು. ರಾತ್ರಿ ಒಂಬತ್ತರ ಲೋಕಲ್ ಇಳಿದು ಬರುವ ತಂದೆ ಚಪ್ಪಲಿ ಬಿಡುವ ಮೊದಲೇ ಕೇಳುವ ‘ಎಷ್ಟು ಮಾರ್ಕು?’ ಎಂಬ ಪ್ರಶ್ನೆ ಮಗುವಿನ ಬೆನ್ನನ್ನು ಎಷ್ಟು ಕಡೆ ಬಗ್ಗಿಸುತ್ತದೆಂದು ಎಣಿಸಿದವರಿಲ್ಲ.

ಪೂರ್ವಜನ್ಮದ ಪಾಪವೆಂದು ಹೇಳುವವರಿಗೆ ಒಂದೇ ಮಾತು. ಕರ್ಮದ ಗತಿಯನ್ನು ಅಳೆಯುವುದು ಕಷ್ಟವೆಂದು ಗೀತಾಚಾರ್ಯನೇ ಹೇಳಿರುವಾಗ, ನೆರೆಮನೆಯ ಎಂಟು ವರ್ಷದ ಮಗುವಿನ ಕರ್ಮದ ಲೆಕ್ಕಪತ್ರ ನಮ್ಮ ಕೈಗೆ ಬಂದುದು ಹೇಗೆ? ಆ ಸಿದ್ಧಾಂತ ನಮ್ಮ ನಮ್ಮ ಕಷ್ಟವನ್ನು ತಾಳಿಕೊಳ್ಳುವುದಕ್ಕಾಗಿ ಹಿರಿಯರು ಕೊಟ್ಟ ಊರುಗೋಲು. ಇತರರ ಮಗುವಿನ ಮೇಲೆ ಬೀಸುವುದಕ್ಕೆ ಕೊಟ್ಟುದಲ್ಲ. ಹರಕೆಯನ್ನು ನಾನು ಬೇಡವೆನ್ನುವುದಿಲ್ಲ. ಕಟೀಲಿಗೆ ಆಟದ ಹರಕೆ ಹೊತ್ತವರು ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಸಂತೋಷದಿಂದ ಕಾಯುತ್ತಾರೆ. ಅಷ್ಟರೊಳಗೆ ಆಸ್ಪತ್ರೆಯ ಸರದಿಯನ್ನೂ ಹಿಡಿದಿಟ್ಟರೆ ತಾಯಿ ಮುನಿಯುವುದಿಲ್ಲ.

ಓದು ಬಾರದೆಂಬ ಅವಮಾನ ಬಹುಕಾಲ ಉಳಿದರೆ ಅದು ಮನಸ್ಸಿಗೆ ಇಳಿಯುತ್ತದೆ. ಇಂಥ ಮಕ್ಕಳಲ್ಲಿ ಭೀತಿ, ಖಿನ್ನತೆಗಳು ಇತರರಿಗಿಂತ ಹೆಚ್ಚು ಕಾಣುತ್ತವೆ. ಶಾಲೆಯ ದಿನ ಬೆಳಗ್ಗೆ ಮಾತ್ರ ಬರುವ ಹೊಟ್ಟೆನೋವು, ಕೆಟ್ಟ ನಿದ್ರೆ, ಗೆಳೆಯರನ್ನು ಬಿಟ್ಟು ಕೋಣೆ ಸೇರುವುದು, ಹರಟೆಮಲ್ಲನ ಹಠಾತ್ ಮೌನ. ಓದಿನಲ್ಲಿ ಮುಂದಿರುವ ಮಕ್ಕಳಿಗೂ ಇದು ಬಾರದೆಂದಿಲ್ಲ. ಶೇಕಡಾ 94 ಬಂತೆಂದು, 98 ಬರಲಿಲ್ಲವೆಂದು ಉಣ್ಣದೆ ಮಲಗುವವರೂ ಉಂಟು. ಆಗ ನಾವು ಏನು ಹೇಳುತ್ತೇವೆ? ‘ಧೈರ್ಯ ತಂದುಕೋ. ನಿನ್ನ ವಯಸ್ಸಿನಲ್ಲಿ ನಾವು ಎಷ್ಟು ಕಷ್ಟಪಟ್ಟಿದ್ದೇವೆ ಗೊತ್ತೇ?’

ಗೀತೆಯನ್ನು ತೆರೆದು ನೋಡೋಣ. ಮಹಾವೀರನಾದ ಅರ್ಜುನನ ಬಾಯಿ ಒಣಗಿದೆ, ಮೈ ನಡುಗುತ್ತಿದೆ, ಗಾಂಡೀವ ಕೈಜಾರುತ್ತಿದೆ, ನಿಲ್ಲಲಾರದೆ ರಥದಲ್ಲಿ ಕುಳಿತುಬಿಟ್ಟಿದ್ದಾನೆ. ಎರಡನೆಯ ಅಧ್ಯಾಯದ ಆರಂಭದಲ್ಲಿ ಭಗವಂತನಾಡಿದ ಮೊದಲ ಮಾತು ಗದರಿಕೆಯದೇ. ಈ ದೌರ್ಬಲ್ಯ ನಿನಗೆ ತಕ್ಕುದಲ್ಲ, ಏಳು ಎಂಬರ್ಥದ ಎರಡು ಶ್ಲೋಕಗಳು. ಅರ್ಜುನ ಎದ್ದನೇ? ಇಲ್ಲ. ಯುದ್ಧ ಮಾಡಲಾರೆನೆಂದು ಹೇಳಿ ಸುಮ್ಮನಾದನು. ಸಾಕ್ಷಾತ್ ಭಗವಂತನ ಗದರಿಕೆಯೂ ಅಲ್ಲಿ ಫಲಿಸಲಿಲ್ಲ! ಆ ಮೇಲೆ ಅವನು ಗದರಲಿಲ್ಲ, ನಸುನಗುತ್ತ ಮಾತನ್ನಾರಂಭಿಸಿದನು. ಇಕ್ಕೆಲದಲ್ಲೂ ಸೈನ್ಯ ಕಾದು ನಿಂತಿರಲು, ಒಬ್ಬನ ಕುಸಿದ ಮನಸ್ಸಿಗಾಗಿ ಹದಿನೆಂಟನೆಯ ಅಧ್ಯಾಯದವರೆಗೆ ಮಾತು ಸಾಗಿತು. ಅದೇ ಪ್ರಶ್ನೆಯನ್ನು ತಿರುತಿರುಗಿಸಿ ಕೇಳಿದರೂ ಬೇಸರಿಸಲಿಲ್ಲ. ಮನೋವೈದ್ಯರ ಬಳಿ ಹೋಗಲು ನಾಚುವ ಗೀತಾಭಕ್ತರು ಈ ಸಂದರ್ಭವನ್ನು ಮತ್ತೊಮ್ಮೆ ಓದಬೇಕು. ಮನಸ್ಸು ಕುಸಿದವನ ಮಾತನ್ನು ಕೇಳಲು ಈಗ ಸರಕಾರವೂ ಏರ್ಪಾಡು ಮಾಡಿದೆ. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಕರೆ ಮಾಡಬಹುದು, ಖರ್ಚಿಲ್ಲ. ಕನ್ನಡದಲ್ಲಿಯೂ ಮಾತಾಡಬಹುದು. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಈ ಸಂಖ್ಯೆ ದೇವರ ಪಟದ ಬಳಿಯಲ್ಲೇ ಬರೆದಿಟ್ಟಿರಲಿ.

ನಮ್ಮ ಸಮಾಜದ ಚರಿತ್ರೆಯನ್ನೂ ಸ್ವಲ್ಪ ನೆನೆಯೋಣ. ‘ಓದು ತಲೆಗೆ ಹತ್ತುವುದಿಲ್ಲ’ ಎಂಬ ಮಾತನ್ನು ಕಟ್ಟಿಕೊಂಡೇ ಮಂಗಳೂರಿನಿಂದ ಹಡಗು ಹತ್ತಿ ಈ ಮುಂಬಯಿಗೆ ಬಂದಿಳಿದ ಹುಡುಗರು ಎಷ್ಟು ಮಂದಿ! ಫೋರ್ಟಿನ ಹೋಟೆಲುಗಳಲ್ಲಿ ಹಗಲೆಲ್ಲ ಮೇಜು ಒರೆಸಿ, ಹತ್ತು ಗಿರಾಕಿಗಳು ಹೇಳಿದುದನ್ನು ಬರೆದುಕೊಳ್ಳದೆ ನೆನಪಿನಿಂದಲೇ ಅಡಿಗೆಯವರಿಗೆ ಕೂಗಿ ಹೇಳುತ್ತಿದ್ದರು. ಅವರಲ್ಲಿ ಕೆಲವರಿಗೆ ಇಂದು ನಾವು ಡಿಸ್ಲೆಕ್ಸಿಯಾ ಎನ್ನುವುದೇ ಇದ್ದಿರಬಹುದು, ಯಾರು ಬಲ್ಲರು? ಅಂಥವರಿಗಾಗಿ ಕನ್ನಡ ಸಂಘಗಳು ರಾತ್ರಿಶಾಲೆಗಳನ್ನು ತೆರೆದುವು. ದಣಿದ ಹುಡುಗ ಬರುವ ಹೊತ್ತಿಗೆ ಶಾಲೆಯೇ ಕಾದು ಕುಳಿತಿರುತ್ತಿತ್ತು. ಶೃಂಗೇರಿಯ ಕಥೆ ಮುಂಬಯಿಯಲ್ಲಿ ನಡೆದ ಬಗೆ ಇದು.

ಆ ಸಂಘಗಳ ವಾರಸುದಾರರಾದ ನಾವು ಇಂದು ದಸರಾ ವೇದಿಕೆಯಲ್ಲಿ ಶೇಕಡಾ 90ಕ್ಕೆ ಮೇಲ್ಪಟ್ಟ ಮಕ್ಕಳನ್ನು ಕರೆದು ಶಾಲು ಹೊದಿಸುತ್ತೇವೆ. ಹೊದಿಸೋಣ, ಅವರ ಶ್ರಮ ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಅಮ್ಮನ ಸೆರಗು ಹಿಡಿದು ಕುಳಿತವಳೊಬ್ಬಳಿರುತ್ತಾಳೆ. ಕೆಲವು ತಾಯಂದಿರಂತೂ ಆಟಿಸಂ ಇರುವ ಮಗು ಗಲಾಟೆ ಮಾಡೀತೆಂದು ಕಾರ್ಯಕ್ರಮಕ್ಕೆ ಬರುವುದನ್ನೇ ಬಿಟ್ಟು ವರ್ಷಗಳಾಗಿವೆ. ಮೈಕಿನ ಅಬ್ಬರದಿಂದ ದೂರದ ಒಂದು ಕೋಣೆ, ಅಲ್ಲಿಗೆ ಸರದಿಯಂತೆ ಕೂರಲು ನಾಲ್ವರು ಸ್ವಯಂಸೇವಕರು, ಪ್ರಸಾದದ ಪಂಕ್ತಿಯಲ್ಲಿ ಮುಂಚಿತವಾಗಿ ಒಂದು ಸ್ಥಳ: ಇಷ್ಟಕ್ಕೆ ಹಣವೇನೂ ಬೇಕಾಗಿಲ್ಲ. ಲಲಿತಾ ಸಹಸ್ರನಾಮಕ್ಕೆ ಕೂಡುವ ಮಹಿಳಾ ಮಂಡಳಿಯವರು ವಾರಕ್ಕೊಂದು ಸಂಜೆ ಆ ತಾಯಿಯನ್ನು ಪಾರಾಯಣಕ್ಕೆ ಕುಳ್ಳಿರಿಸಿ ಮಗುವನ್ನು ತಾವು ನೋಡಿಕೊಂಡರೆ, ನಾಮಗಳಲ್ಲಿ ಮೊಟ್ಟಮೊದಲನೆಯ ನಾಮವಾದ ‘ಶ್ರೀಮಾತಾ’ ಎಂಬುದರ ಅರ್ಥಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು.

ವಿಜಯದಶಮಿಯಂದು ಅಕ್ಷರಾಭ್ಯಾಸ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು, ಬಾಯಲ್ಲಿ ಹೇಳಿಸುತ್ತ ಅಕ್ಷರ ತಿದ್ದಿಸುತ್ತೇವೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರೂ ಇದನ್ನೇ ಹೋಲುವ ಕ್ರಮವನ್ನು ಅನುಸರಿಸುತ್ತಾರೆ: ಮರಳಿನ ಮೇಲೋ ಒರಟು ಕಾಗದದ ಮೇಲೋ ಅಕ್ಷರವನ್ನು ಬೆರಳಿನಿಂದ ತೀಡುವುದು, ತೀಡುತ್ತ ಧ್ವನಿಯನ್ನು ಗಟ್ಟಿಯಾಗಿ ಹೇಳುವುದು, ಕಣ್ಣು ಕಿವಿ ಚರ್ಮ ಮೂರೂ ಒಂದಾಗಿ ಕಲಿಯುವಂತೆ ಮಾಡುವುದು. ನಾವು ಒಂದು ದಿನ ಮಾಡಿ ಬಿಡುವುದನ್ನು ಅವರು ದಿನವೂ, ತಿಂಗಳುಗಟ್ಟಲೆ, ಒಂದೊಂದೇ ಅಕ್ಷರದಂತೆ ಮಾಡುತ್ತಾರೆ. ಈ ಸಲ ಮೂರು ವರ್ಷದ ಮೊಮ್ಮಗನ ಜೊತೆ ಒಂಬತ್ತು ವರ್ಷದ ಅಣ್ಣನನ್ನೂ ಆ ತಟ್ಟೆಯ ಮುಂದೆ ಕೂರಿಸಿರಿ. ತಮ್ಮನಿಗೆ ಹೇಳಿಕೊಡುವ ನೆಪದಲ್ಲಿ ಕೂತರೆ ಅವನಿಗೂ ಸಂಕೋಚವಾಗದು.

ಹಬ್ಬ ಕಳೆದ ಮೇಲೆ ಮಾಡಬೇಕಾದುದು ಇಷ್ಟು. ಮಗುವಿಗೆ ಎಂಟು ತುಂಬಿದ್ದು, ಓದು ವಯಸ್ಸಿಗೆ ತೀರ ಹಿಂದಿದ್ದರೆ, ಮೊದಲು ಕಣ್ಣು ಕಿವಿಗಳ ತಪಾಸಣೆ ಮಾಡಿಸಿರಿ. ಅನಂತರ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಿಗೆ, ಸಯನಿನ ಲೋಕಮಾನ್ಯ ಟಿಳಕ ಆಸ್ಪತ್ರೆಗೋ ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಗೋ ಹೋಗಿರಿ; ಅಲ್ಲಿ ಕಲಿಕಾ ನ್ಯೂನತೆಯ ಪರೀಕ್ಷೆಗೆಂದೇ ವಿಭಾಗಗಳಿವೆ. ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ, ಹಲವು ಸಲ ಅಲೆಯಬೇಕಾದೀತು. ತಂದೆಯೂ ಒಂದು ದಿನ ರಜೆ ಹಾಕಿ ಜೊತೆಗೆ ಹೋಗಲಿ. ಶಾಲೆಯಿಂದ ಒಂದು ಪತ್ರ ಪಡೆದುಕೊಳ್ಳಿರಿ. ಮಗುವಿನ ಹಳೆಯ ನೋಟುಪುಸ್ತಕಗಳನ್ನೂ ಕೊಂಡೊಯ್ಯಿರಿ, ವೈದ್ಯರು ಅವುಗಳಲ್ಲಿನ ತಪ್ಪುಗಳನ್ನು ನೋಡಬಯಸುತ್ತಾರೆ. ಪೀಠದ ಮೇಲೆ ಪೂಜೆಗೆ ಇಟ್ಟ ಪುಸ್ತಕಗಳೇ ಆದೀತು. ಮೇಲಿನ ಕುಂಕುಮವನ್ನು ಒರೆಸಬೇಕಾಗಿಲ್ಲ.